ಚಾ ಪರಿಮಳದ ಸೆಂಟು ಮನೆಯಲ್ಲೇ ಮಾಡೋದು ಹೇಗೆ: ಚಹಾಪುಡಿ ಬೇಡ, ತಕ್ಕಡಿ ಬೇಕು

ಚಾ ಪರಿಮಳದ ಸೆಂಟು ಮಾಡಲು ಹೊರಟವರು ಸಾಮಾನ್ಯವಾಗಿ ಮೊದಲು ಮಾಡುವ ಕೆಲಸ ಅಂದರೆ ಚಹಾಪುಡಿಯನ್ನು ಎಣ್ಣೆಯಲ್ಲೋ ಸ್ಪಿರಿಟ್‌ನಲ್ಲೋ ನೆನೆಹಾಕಿ ಬಿಸಿಲಿಗೆ ಇಡುವುದು. ಅದು ಬೇಡ. ಸ್ಪಿರಿಟ್ ಆದರೆ ಬಣ್ಣ ಬಿಡುತ್ತದೆ, ಬಿಳಿ ಅಂಗಿಗೆ ಕಲೆ ಆಗುತ್ತದೆ. ಎಣ್ಣೆ ಆದರೆ ಬಣ್ಣವೂ ಬಿಡುವುದಿಲ್ಲ. ಪರಿಮಳವಂತೂ ಎರಡರಲ್ಲೂ ಮಂಕು.

ಅಂಗಡಿಯಲ್ಲಿ ಸಿಗುವ ಟೀ ಸೆಂಟುಗಳಲ್ಲೂ ಹೆಚ್ಚಿನವಕ್ಕೆ ಚಹಾ ಎಲೆ ಸೋಕಿರುವುದಿಲ್ಲ. 1992ರಲ್ಲಿ ಜಾನ್ ಕ್ಲೋಡ್ ಎಲ್ಲೆನಾ ಎಂಬ ಫ್ರೆಂಚ್ ಪರ್ಫ್ಯೂಮರ್ ಬುಲ್ಗರಿ ಕಂಪನಿಗೆ ಹಸಿರು ಚಹಾದ ಸೆಂಟು ಮಾಡಿಕೊಟ್ಟರು. ಆಮೇಲೆ ಬಂದ ಎಷ್ಟೋ ಟೀ ಸೆಂಟುಗಳು ಅದೇ ದಾರಿ ಹಿಡಿದವು. ಅದರ ಗುಟ್ಟು ಎರಡು ವಸ್ತು: ಹೆಡಿಯೋನ್ ಮತ್ತು ಅಯೋನೋನ್. ಹೆಡಿಯೋನ್ ಅಂದರೆ ಮಲ್ಲಿಗೆಯ ತೆಳುವಾದ, ಗಾಳಿಯಂಥ ಭಾಗ. ಭಟ್ಕಳ ಮಲ್ಲಿಗೆ ಮುಡಿದವರು ಪಕ್ಕದಲ್ಲಿ ಹಾದುಹೋದಾಗ ಬರುತ್ತದಲ್ಲ, ಆ ದೂರದ ಘಮ, ಹೂವನ್ನು ಮೂಗಿಗೆ ಒತ್ತಿಕೊಂಡಾಗಿನದ್ದಲ್ಲ. ಅಯೋನೋನ್‌ಗೆ ವಯೊಲೆಟ್ ಹೂವಿನ, ಒಣ ಎಲೆಯ, ಸ್ವಲ್ಪ ಹಣ್ಣಿನ ವಾಸನೆ. ಎರಡೂ ಸೇರಿದರೆ ಮೂಗು ಚಾ ಅನ್ನುತ್ತದೆ. ಇದರಲ್ಲಿ ಮೋಸವೇನೂ ಇಲ್ಲ. ಅಯೋನೋನ್‌ನಲ್ಲೇ ಒಂದು ಬಗೆಯಾದ ಬೀಟಾ ಅಯೋನೋನ್ ನಿಜವಾದ ಚಹಾದಲ್ಲೂ ಇದೆ, ಎಲೆಯಲ್ಲಿರುವ ಕ್ಯಾರೊಟಿನ್ ಎಂಬ ಬಣ್ಣದ ವಸ್ತು ಒಡೆದಾಗ ಹುಟ್ಟುವಂಥದ್ದು. ಅದರ ಜೊತೆಗೆ ಲಿನಲೂಲ್, ಜೆರಾನಿಯಾಲ್ ಎಂಬ ಹೂವಿನ ವಾಸನೆಯ ವಸ್ತುಗಳು ಕೂಡ ಚಹಾದಲ್ಲೇ ಇವೆ. ನಾವು ಇವನ್ನೇ ಬೇರೆ ಬೇರೆ ತಂದು ಸೇರಿಸುತ್ತೇವೆ, ಅಷ್ಟೇ.

ಸಾಮಾನು ತರಿಸುವ ಮೊದಲು ಒಂದು ಸಣ್ಣ ಕೆಲಸ. ಹಾಲು, ಸಕ್ಕರೆ ಏನೂ ಹಾಕದೆ ಒಳ್ಳೆ ಎಲೆ ಚಹಾ ಕುದಿಸಿ ಮುಚ್ಚಿಡಿ. ಎರಡು ನಿಮಿಷ ಬಿಟ್ಟು ಮುಚ್ಚಳ ತೆಗೆದು, ಅದರ ಒಳಮೈಯಲ್ಲಿ ಕೂತ ಹನಿಯನ್ನು ಮೂಸಿ. ಹೂವಿನ ವಾಸನೆ ಬರುತ್ತದೆ, ಹಾಲು ಹಾಕಿದ ಚಾದಲ್ಲಿ ಗೊತ್ತೇ ಆಗದಂಥದ್ದು. ಆಮೇಲೆ ಸೋಸಿದ ಚರಟವನ್ನು ಮೂಸಿ: ಒಣಹುಲ್ಲು, ಸ್ವಲ್ಪ ಹೊಗೆಸೊಪ್ಪು, ಒದ್ದೆ ಕಟ್ಟಿಗೆ. ಲೋಟ ಆರಿದ ಮೇಲೆ ಮತ್ತೊಮ್ಮೆ. ಮೂರನ್ನೂ ನಿಮ್ಮದೇ ಮಾತಿನಲ್ಲಿ ಬರೆದಿಡಿ. ಸೆಂಟು ಮಾಡುವಾಗ ಏನು ಕಮ್ಮಿ ಬಿದ್ದಿದೆ ಅಂತ ಹೇಳುವುದು ಈ ಚೀಟಿಯೇ.

ಈಗ ಸಾಮಾನು. 0.01 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಬೇಕೇ ಬೇಕು. ಹನಿ ಲೆಕ್ಕ ನಂಬಬೇಡಿ, ಲಾವಂಚದ ಎಣ್ಣೆಯ ಹನಿ ದಪ್ಪ, ಬರ್ಗಮಾಟ್ (ನಿಂಬೆ ಜಾತಿಯ ಹಣ್ಣಿನ ಸಿಪ್ಪೆಯ ಎಣ್ಣೆ) ಹನಿ ಸಣ್ಣ, ಇವತ್ತು ಬಂದದ್ದು ನಾಳೆ ಬರುವುದಿಲ್ಲ. ಗಾಜಿನ ಸಣ್ಣ ಬಾಟಲಿ, ಡ್ರಾಪರ್, ಮೂಸಲು ಬಿಳಿ ದಪ್ಪ ಕಾಗದದ ಪಟ್ಟಿ. ಹೆಡಿಯೋನ್, ಅಯೋನೋನ್ ಥರದವು ಪರ್ಫ್ಯೂಮ್ ಸಾಮಾನು ಮಾರುವವರ ಹತ್ತಿರ ಆನ್‌ಲೈನ್‌ನಲ್ಲಿ ಸಿಗುತ್ತವೆ, ಶಿರಸಿ ಪೇಟೆಯಲ್ಲಿ ಹುಡುಕಿ ಸುಸ್ತಾಗಬೇಡಿ.

ಬೇಸ್, ಅಂದರೆ ಪರಿಮಳದ ವಸ್ತುಗಳನ್ನು ಬೆರೆಸುವ ದ್ರವ, ಯಾವುದು ಅನ್ನುವುದು ದೊಡ್ಡ ಪ್ರಶ್ನೆ. ಸೆಂಟಿಗೆ ಬಳಸುವ ಆಲ್ಕೋಹಾಲ್ ಅಬಕಾರಿ ಕಾನೂನಿಗೆ ಸೇರಿದ್ದು, ಮನೆಗೆ ಸುಲಭಕ್ಕೆ ಸಿಗುವುದಿಲ್ಲ. ಅದರ ಬದಲಿಗೆ ಪೇಂಟ್ ಅಂಗಡಿಯ ಸ್ಪಿರಿಟ್ ತರುವ ಯೋಚನೆ ಬಿಡಿ, ಅದರಲ್ಲಿ ಮೆಥನಾಲ್ ಇರಬಹುದು, ಅದು ವಿಷ. ಸರ್ಜಿಕಲ್ ಸ್ಪಿರಿಟ್ ಆದರೆ ಆಸ್ಪತ್ರೆ ವಾಸನೆಯೇ ಮೇಲೆ ಬರುತ್ತದೆ. ಎಣ್ಣೆ ಬೇಸ್ ಮಾಡಿ ರೋಲ್-ಆನ್ ಬಾಟಲಿಗೆ ತುಂಬುವುದೇ ಸರಿ. ಹಾಗಂತ ಮನೆಯ ತೆಂಗಿನೆಣ್ಣೆ ಆಗುವುದಿಲ್ಲ. ಅದಕ್ಕೆ ಅದರದ್ದೇ ವಾಸನೆ, ಮೇಲಾಗಿ 24 ಡಿಗ್ರಿ ಸುಮಾರಿಗೆ ಹೆಪ್ಪುಗಟ್ಟುತ್ತದೆ. ಕಾರವಾರದಲ್ಲಿ ಹೇಗೋ ನಡೆದೀತು, ಡಿಸೆಂಬರ್‌ನ ಶಿರಸಿ ಬೆಳಗ್ಗೆ ರೋಲರ್ ತಿರುಗುವುದೇ ಇಲ್ಲ. ಎಂಸಿಟಿ ಎಣ್ಣೆ ಅಂತ ಸಿಗುತ್ತದೆ, ಅದೂ ತೆಂಗಿನಿಂದ ತೆಗೆದದ್ದೇ, ಆದರೆ ಗಟ್ಟಿಯಾಗುವ ಭಾಗ ಬೇರೆ ಮಾಡಿದ್ದು. ವಾಸನೆ ಇಲ್ಲ, ಚಳಿಗೂ ನೀರಾಗೇ ಇರುತ್ತದೆ. ಅದನ್ನು ತನ್ನಿ.

ಇನ್ನು ಅಳತೆ. 10 ಗ್ರಾಂ ಮೂಲ ಮಿಶ್ರಣಕ್ಕೆ ಹೆಡಿಯೋನ್ 4 ಗ್ರಾಂ, ಬರ್ಗಮಾಟ್ 1.5, ಐಸೋ ಇ ಸೂಪರ್ 1.5, ಲಿನಲೂಲ್ 1, ಬೀಟಾ ಅಯೋನೋನ್ 0.8, ಏಲಕ್ಕಿ ಎಣ್ಣೆ 0.4, ಲಾವಂಚದ ಎಣ್ಣೆ 0.4, ಶುಂಠಿ ಎಣ್ಣೆ 0.3, ಜೆರಾನಿಯಾಲ್ 0.1. ಐಸೋ ಇ ಸೂಪರ್ ಅಂದರೆ ಮರದ ನುಣುಪು ವಾಸನೆಯ ವಸ್ತು, ಎಲ್ಲವನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಬರ್ಗಮಾಟ್ ಕೊಳ್ಳುವಾಗ ಬರ್ಗಾಪ್ಟೆನ್ ತೆಗೆದದ್ದು ಅಂತ ಕೇಳಿಯೇ ಕೊಳ್ಳಿ. ಮಾಮೂಲಿ ಬರ್ಗಮಾಟ್ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಪ್ಪಾಗಬಹುದು, ನಮ್ಮ ಕರಾವಳಿ ಬಿಸಿಲಂತೂ ಗೊತ್ತಲ್ಲ. ಬಾಟಲಿಯನ್ನು ತಕ್ಕಡಿ ಮೇಲಿಟ್ಟು ಸೊನ್ನೆ ಮಾಡಿ, ಒಂದೊಂದನ್ನೇ ಹಾಕುತ್ತಾ ಪ್ರತಿ ಸಲ ಮತ್ತೆ ಸೊನ್ನೆ ಮಾಡಿ, ಬಿದ್ದ ತೂಕವನ್ನು ಆಗಲೇ ಬರೆದುಕೊಳ್ಳಿ. ಜಾಸ್ತಿ ಬಿತ್ತು ಅಂದರೆ ತೆಗೆಯಲು ಹೋಗಬೇಡಿ, ಬಿದ್ದಷ್ಟನ್ನೇ ಬರೆಯಿರಿ. ಯಾರಿಗೆ ಗೊತ್ತು, ಅದೇ ಚೆನ್ನಾಗಿ ಬಂದರೂ ಬಂತು. ಆಮೇಲೆ ಈ ಮಿಶ್ರಣದ 1.5 ಗ್ರಾಂಗೆ 8.5 ಗ್ರಾಂ ಎಂಸಿಟಿ ಎಣ್ಣೆ ಸೇರಿಸಿದರೆ ಒಂದು ರೋಲ್-ಆನ್ ಆಯಿತು.

ಮೂಸುವಾಗ ಅಯೋನೋನ್ ಆಟ ಆಡಿಸುತ್ತದೆ. ಒಂದು ಕ್ಷಣ ಇರುತ್ತದೆ, ಮರುಕ್ಷಣ ಮಾಯ, ಆಮೇಲೆ ಮತ್ತೆ ಹಾಜರ್. ಮೂಗು ಅದಕ್ಕೆ ಬೇಗ ಸೋಲುತ್ತದೆ. ಪರಿಮಳ ಹೋಯಿತು ಅಂತ ಇನ್ನಷ್ಟು ಸುರಿಯಬೇಡಿ, ಹೊರಗೆ ಅಂಗಳಕ್ಕೆ ಹೋಗಿ ಐದು ನಿಮಿಷ ಬಿಟ್ಟು ಬನ್ನಿ. ಇನ್ನೊಂದು ವಿಷಯ, ಬೀಟಾ ಅಯೋನೋನ್ ಎಲ್ಲರಿಗೂ ಒಂದೇ ಥರ ಕಾಣುವುದಿಲ್ಲ. ಹುಟ್ಟಿನಿಂದಲೇ ಬರುವ ವ್ಯತ್ಯಾಸ ಅದು. ಕೆಲವರಿಗೆ ಹೂವು, ಕೆಲವರಿಗೆ ಹುಳಿ ಹುಳಿ, ಕೆಲವರಿಗೆ ಏನೂ ಇಲ್ಲ. ಅದಕ್ಕೇ ಮನೆಯಲ್ಲಿ ಇಬ್ಬರು ಮೂವರ ಹತ್ತಿರ ಮೂಸಿಸಿ, "ಹೆಂಗಿದ್ದು?" ಅಂತ ಕೇಳಿ ಸುಮ್ಮನಿರಿ. ಇದು ಚಾ ಸೆಂಟು ಅಂತ ಮೊದಲೇ ಹೇಳಿದರೆ ಎಲ್ಲರೂ ಚಾ ಅಂತಲೇ ಹೇಳುತ್ತಾರೆ.

ಇಷ್ಟು ಬಂದರೆ ಮುಂದಿನದ್ದು ಮಜಾ. ಏಲಕ್ಕಿ, ಶುಂಠಿ ನಮ್ಮ ತೋಟದವೇ, ಆದರೆ ಕುಟ್ಟಿದ ಪುಡಿ ಹಾಕಬೇಡಿ, ಭಟ್ಟಿ ಇಳಿಸಿದ ಎಣ್ಣೆಯೇ ಬೇಕು. ಏಲಕ್ಕಿ ಎಣ್ಣೆಯಲ್ಲಿ ನೀಲಗಿರಿಯಲ್ಲಿರುವ ಸಿನಿಯೋಲ್ ಇದೆ, ಸ್ವಲ್ಪ ಜಾಸ್ತಿಯಾದರೂ ನೆಗಡಿ ಮುಲಾಮು ಹಚ್ಚಿಕೊಂಡ ಹಾಗಾಗುತ್ತದೆ. ಲಾವಂಚ ಮಾತ್ರ ನನ್ನ ಪ್ರಕಾರ ಬಿಡಲೇಬಾರದ್ದು, ಚರಟದ ಆ ಒದ್ದೆ ಕಟ್ಟಿಗೆ ವಾಸನೆ ಬರುವುದೇ ಅದರಿಂದ. ಹೊಗೆ ಹಿಡಿದ ಚಾ ಬೇಕೆಂದರೆ ನಾಗರಮೋಥಾ (ಒಂದು ಜಾತಿಯ ಹುಲ್ಲಿನ ಗಡ್ಡೆ) ಎಣ್ಣೆ 0.1 ಗ್ರಾಂ ಸೇರಿಸಿ ನೋಡಿ. ಮಜ್ಜಿಗೆ ಹುಲ್ಲಿನ ಚಾ ಇಷ್ಟ ಇರುವವರು ಅದರ ಎಣ್ಣೆಯನ್ನೂ 0.1 ಗ್ರಾಂಗೇ ನಿಲ್ಲಿಸಿ, ಅದರಲ್ಲಿ ಬಹುಪಾಲು ಸಿಟ್ರಾಲ್ ಎಂಬ ನಿಂಬೆ ವಾಸನೆಯ ವಸ್ತು, ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ದಾಲ್ಚಿನ್ನಿ ಚಕ್ಕೆಯ ಎಣ್ಣೆ ಮೈಗೆ ಹಚ್ಚುವ ಸೆಂಟಿಗೆ ಬೇಡವೇ ಬೇಡ.

ಚಾ ಕುಡಿಯದೆ ಕಷಾಯ ಕುಡಿಯುವ ಮನೆಯವರಿಗೂ ದಾರಿ ಇದೆ. ಕೊತ್ತಂಬರಿ ಬೀಜದ ಎಣ್ಣೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಲಿನಲೂಲೇ. ಹಾಗಾಗಿ ಮೇಲಿನ ಅಳತೆಯಲ್ಲಿ ಲಿನಲೂಲ್ ತೆಗೆದು ಅಷ್ಟೇ ಕೊತ್ತಂಬರಿ ಎಣ್ಣೆ ಹಾಕಿದರೆ ಚಾ ಹೋಗುವುದಿಲ್ಲ, ಪಕ್ಕದಲ್ಲಿ ಕಷಾಯ ಬಂದು ಕೂರುತ್ತದೆ. ಜೀರಿಗೆ ಎಣ್ಣೆ ಹಾಕುವ ಆಸೆ ಆಗುತ್ತದೆ, ಹಾಕಬೇಡಿ. ಮೈಮೇಲೆ ಅದು ಬೆವರಿನ ವಾಸನೆ ಕೊಡುತ್ತದೆ, ಹಚ್ಚಿಕೊಂಡು ಬಿಸಿಲಿಗೆ ಹೋದರೆ ಚರ್ಮಕ್ಕೂ ಒಳ್ಳೆಯದಲ್ಲ.

ಕಲಸಿದ ದಿನವೇ ತೀರ್ಮಾನ ಬೇಡ. ಕತ್ತಲ ಕಪಾಟಿನಲ್ಲಿ ಎರಡು ವಾರ ಇಡಿ, ಚೂಪು ಚೂಪಾಗಿ ಬೇರೆ ಬೇರೆ ನಿಂತ ವಾಸನೆಗಳು ಅಷ್ಟರಲ್ಲಿ ಕೂಡಿಕೊಳ್ಳುತ್ತವೆ. ಲಿನಲೂಲ್ ಬಾಟಲಿಯನ್ನು ಸದಾ ಬಿಗಿಯಾಗಿ ಮುಚ್ಚಿಡಿ, ಗಾಳಿ ತಾಗಿ ಹಳತಾದರೆ ತುರಿಕೆ ಅಲರ್ಜಿ ತರುತ್ತದೆ. ಹಚ್ಚುವ ಮೊದಲು ಮೊಣಕೈ ಒಳಭಾಗಕ್ಕೆ ಸ್ವಲ್ಪ ಸವರಿ ಎರಡು ದಿನ ನೋಡಿ. ಹಾಂ, ಇದನ್ನೆಲ್ಲ ಅಡುಗೆಮನೆಯ ಚಹಾ ಡಬ್ಬಿ ಹತ್ತಿರ ಮಾಡಬೇಡಿ. ಚಹಾ ಎಲೆ ಪಕ್ಕದ ವಾಸನೆಯನ್ನು ಹೀರಿಕೊಳ್ಳುತ್ತದೆ, ಮಲ್ಲಿಗೆ ಚಹಾ ಮಾಡುವುದೇ ಆ ಗುಣದಿಂದ. ಮರುದಿನ ಅತ್ತೆಗೆ ಸೆಂಟಿನ ಚಾ ಕೊಡಬೇಕಾದೀತು.

ಕುಮಟಾ, ಕಾರವಾರದ ಸೆಕೆಯಲ್ಲಿ ಬರ್ಗಮಾಟ್ ಬೇಗ ಹಾರಿಹೋಗುತ್ತದೆ, ಉಳಿದದ್ದು ಬೆವರಿನ ಜೊತೆ ಜೋರಾಗಿ ಬೀರುತ್ತದೆ. ಅಲ್ಲಿ ಮಣಿಕಟ್ಟಿಗೆ ಒಂದು ಗೆರೆ ಸಾಕು, ಸಂಜೆ ಬೇಕಾದರೆ ಇನ್ನೊಂದು. ಘಟ್ಟದ ಮೇಲೆ ಚಳಿಗಾಲದಲ್ಲಿ ಕುತ್ತಿಗೆಗೂ ಹಚ್ಚಬಹುದು. ಬಟ್ಟೆಗೆ ಮಾತ್ರ ಬೇಡ, ಎಣ್ಣೆ ಕಲೆ ಹೋಗುವುದಿಲ್ಲ.

ಚೆನ್ನಾಗಿ ಬಂದರೆ ನೆಂಟರಿಗೆ, ಸ್ನೇಹಿತರಿಗೆ ಕೊಡಿ, ಬಾಟಲಿ ಮೇಲೆ ಏನೇನು ಹಾಕಿದ್ದೀರಿ, ಯಾವ ದಿನ ಮಾಡಿದಿರಿ ಅಂತ ಬರೆದೇ ಕೊಡಿ. ದುಡ್ಡಿಗೆ ಮಾರುವುದಾದರೆ ಲೆಕ್ಕವೇ ಬೇರೆ. ಸೆಂಟು ಕಾನೂನಿನ ಪ್ರಕಾರ ಸೌಂದರ್ಯವರ್ಧಕ, 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಸಿ ಮಾರಲು ಲೈಸೆನ್ಸ್ ಬೇಕು. ಹಬ್ಬದ ಸ್ಟಾಲ್‌ನಲ್ಲಿ ಹತ್ತು ಬಾಟಲಿ ಇಡುತ್ತೇನೆ ಅನ್ನುವವರೂ ಮೊದಲು ಅದನ್ನು ವಿಚಾರಿಸಿ.