ಜೀನ್ಸ್ ತುಂಡಿನ ಕೌದಿ: ಕೊನೆಗೂ ನನ್ನ ಕೈಗೆ ಬಂದ ರೀತಿ

ಜೀನ್ಸ್ ಬಟ್ಟೆಯಲ್ಲಿ ಕೌದಿ (ಹಳೆ ಬಟ್ಟೆಯ ಪದರ ಸೇರಿಸಿ ಹೊಲಿಯುವ ಹೊದಿಕೆ) ಆಗೋದಿಲ್ಲ ಅಂತ ನನಗೆ ಹೇಳದವರೇ ಇಲ್ಲ. ಅಮ್ಮ ಹೇಳಿದರು. ಬಳ್ಳಾರಿ ಕೌಲ್‌ಬಜಾರಿನ ಪ್ಯಾಂಟ್ ಟೈಲರ್ ಒಬ್ಬರು ನಕ್ಕೇ ಬಿಟ್ಟರು. ಕುಷ್ಟಗಿ ಕಡೆಯ ನಮ್ಮ ದೊಡ್ಡಮ್ಮ, ತಮ್ಮ ಕೈಯಾರೆ ನೂರಾರು ಕೌದಿ ಹೊಲಿದವರು, "ಅದನ್ನು ಹೊದ್ದರೆ ಗೋಣಿಚೀಲ ಹೊದ್ದ ಹಾಗೆ" ಅಂದರು. ಈಗ ಅದೇ ದೊಡ್ಡಮ್ಮ ಫೋನ್ ಮಾಡಿ ಎರಡನೇದು ಯಾವಾಗ ಕೊಡ್ತೀಯ ಅಂತ ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ. ಸೀರೆ ಕೌದಿ ಹೊಲಿಯೋದು ನಿಮಗೆಲ್ಲ ಗೊತ್ತಿರೋದೇ, ಅದರ ಪಾಠ ಇಲ್ಲಿಲ್ಲ.

ಜೀನ್ಸೇ ಯಾಕೆ ಅಂದರೆ, ಬಳ್ಳಾರಿಯಲ್ಲಿ ಅದರ ತುಂಡಿಗೆ ಬರ ಇಲ್ಲ. ಓಣಿ ಓಣಿಯಲ್ಲಿ ಹೊಲಿಗೆ ಯೂನಿಟ್‌ಗಳಿವೆ, ಕಟಿಂಗ್ ಟೇಬಲ್ ಕೆಳಗೆ ಚೀಲಗಟ್ಟಲೆ ಬೀಳುತ್ತೆ. ಬರ ಇರೋದು ಹಳೆ ಕಾಟನ್ ಸೀರೆಗೆ. ಅಜ್ಜಿ ಕಾಲದಲ್ಲಿ ಟ್ರಂಕ್ ತುಂಬ ಇಳಕಲ್ ಸೀರೆ, ಧೋತರ ಇರುತ್ತಿದ್ದವು. ಈಗ ಮನೆಮನೆಯಲ್ಲೂ ಪಾಲಿಸ್ಟರ್. ಅದರಲ್ಲಿ ಹೊಲಿದ ಕೌದಿ ಮೈಮೇಲೆ ನಿಲ್ಲದೆ ಜಾರುತ್ತೆ, ಹಾಸಿ ಮಲಗಿದರೆ ನಮ್ಮೂರ ಸೆಕೆಗೆ ಬೆನ್ನೆಲ್ಲ ಬೆವರು. ಹಾಗಾಗಿ ಇರೋ ಒಂದೆರಡು ಕಾಟನ್ ಸೀರೆ, ಪಂಚೆಯನ್ನು ಒಳಗೆ ಮತ್ತು ಅಡಿಗೆ ಇಟ್ಟು, ಮೇಲಿನ ಪದರ ಪೂರ್ತಿ ಜೀನ್ಸಿಂದ ಮಾಡೋದು ನನ್ನ ಲೆಕ್ಕ.

ತುಂಡು ನನಗೆ ಕಿಲೋಗೆ 25-30 ರೂಪಾಯಿ ಬಿತ್ತು. ಮೊದಮೊದಲು ಕಟ್ಟಿಟ್ಟ ಚೀಲವನ್ನು ಹಾಗೇ ತಂದೆ. ಒಬ್ಬ ವ್ಯಾಪಾರಿ ಕೊಟ್ಟ ಚೀಲದ ಮೇಲ್ಗಡೆ ಒಳ್ಳೆ ಉದ್ದುದ್ದ ತುಂಡು, ಕೆಳಗೆಲ್ಲ ಬೆರಳಗಲದ ಚಿಂದಿ, ಅದೂ ಒದ್ದೆ. ಒದ್ದೆ ಅಂದರೆ ತೂಕ ಜಾಸ್ತಿ, ಅಷ್ಟೇ ವಿಷಯ. ಈಗ ಚೀಲ ಸುರುವಿ ಆರಿಸಿಕೊಳ್ಳಲು ಬಿಡುವ ಜಾಗದಲ್ಲಿ ಮಾತ್ರ ತರುತ್ತೇನೆ. ಆ ಜಾಗ ಯಾವುದು ಅಂತ ಕೇಳಬೇಡಿ. ನಾಲ್ಕು ಜನ ಹೋದರೆ ರೇಟು ಏರುತ್ತೆ.

ಆರಿಸುವಾಗ ಪ್ರತಿ ತುಂಡನ್ನೂ ಅಡ್ಡಕ್ಕೆ ಎಳೆದು ನೋಡಿ. ಹಿಗ್ಗಿ ವಾಪಸ್ ಬಂತೋ, ಅದರಲ್ಲಿ ಲೈಕ್ರಾ ಇದೆ, ತೆಗೆದು ಆಚೆ ಹಾಕಿ. ತೊಳೆದಾಗ ಅದು ಪಕ್ಕದ ತುಂಡನ್ನೂ ಎಳೆದುಕೊಂಡು ಸುರುಟುತ್ತೆ. 14 ಔನ್ಸಿನ (ಒಂದು ಚದರ ಗಜ ಬಟ್ಟೆಯ ತೂಕ) ದಪ್ಪ ಬಟ್ಟೆಯೂ ಬೇಡ. ಹತ್ತರ ಆಸುಪಾಸು ಇದ್ದರೆ ಒಳ್ಳೆಯದು. ಎಷ್ಟೇ ಆರಿಸಿದರೂ ಕೊನೆಗೆ ಅರ್ಧಕ್ಕರ್ಧ ಕೌದಿಗೆ ಬಾರದೆ ಉಳಿಯುತ್ತೆ. ಸೊಂಟದ ಹತ್ತಿರದ ವಕ್ರ ತುಂಡುಗಳಲ್ಲಿ ನಾನು ಕಾಲೊರೆಸು ಮಾಡುತ್ತೇನೆ.

ಇನ್ನು ಮೊದಲ ಕೌದಿಯ ಕಥೆ. ಸೀರೆ ಕೌದಿಗೆ ಮಾಡುವ ಹಾಗೆ ಪ್ರತಿ ತುಂಡಿನ ಅಂಚು ಒಳಮಡಚಿ ಹೊಲಿಯುತ್ತಾ ಹೋದೆ. ಎರಡು ತುಂಡು ಸೇರುವ ಕಡೆ ನಾಲ್ಕು ಪದರ ಜೀನ್ಸ್, ನಾಲ್ಕು ಮೂಲೆ ಕೂಡುವ ಕಡೆ ಎಂಟು. ಸೂಜಿ ಪಾಕೀಟು ಪಾಕೀಟು ಮುರಿದವು. ಅಂಗುಸ್ತಾನ ಹಾಕಿದರೂ ಬೆರಳ ತುದಿ ಬಾತುಕೊಂಡಿತು. ದಬ್ಬಣ ಹಿಡಿದರೆ ಬಟ್ಟೆಯಲ್ಲಿ ಕಣ್ಣಿಗೆ ಕಾಣೋ ತೂತು. ಮಶಿನ್ನಿಗೆ 18ನೇ ನಂಬರ್ ಸೂಜಿ ಹಾಕಿದರೆ ತೂರುತ್ತಿತ್ತು, ಆದರೆ ಅಷ್ಟು ದಪ್ಪದ ಸುರುಳಿ ಮಶಿನ್ ಕೈ ಕೆಳಗೆ ಹಿಡಿಯಬೇಕಲ್ವಾ? ಹಂಗೂ ಹಿಂಗೂ ಮುಗಿಸಿದಾಗ ನಾಲ್ಕು ಕಿಲೋ ಹತ್ತಿರ ತೂಗಿತು. ತೊಳೆದ ಮೇಲೆ ಎತ್ತೋಕೆ ಇಬ್ಬರು ಬೇಕಾಯಿತು. ನಮ್ಮ ಮನೆಯವರು ಏನೂ ಮಾತಾಡದೆ ಅದನ್ನು ತಗೊಂಡು ಹೋಗಿ ಸ್ಕೂಟರಿಗೆ ಹೊದಿಸಿದರು. ಇವತ್ತಿಗೂ ಅಲ್ಲೇ ಇದೆ.

ಅದಾದ ಮೇಲೆ ಮಡಚೋದನ್ನೇ ಬಿಟ್ಟೆ. ನನ್ನ ಪದ್ಧತಿ ಇಷ್ಟೇ: ಎರಡು ತುಂಡನ್ನು ಅಂಚಿಗೆ ಅಂಚು ತಾಗಿಸಿ ಇಡೋದು, ಒಂದರ ಮೇಲೊಂದು ಏರಬಾರದು. ಆ ಸಂದಿನ ಮೇಲೆ ಒಂದೂವರೆ ಇಂಚಿನ ಸೀರೆ ಪಟ್ಟಿ ಇಟ್ಟು, ಎರಡೂ ಕಡೆ ಮಶಿನ್ನಲ್ಲಿ ಒಂದೊಂದು ನೇರ ಹೊಲಿಗೆ. ಎಳೆ ಬಿಡುವ ಅಂಚೆಲ್ಲ ಪಟ್ಟಿಯ ಅಡಿಗೆ ಹೋಗುತ್ತೆ. ಎಲ್ಲಿ ನೋಡಿದರೂ ಜೀನ್ಸ್ ಒಂದೇ ಪದರ, ಕೈಸೂಜಿ ಸಲೀಸಾಗಿ ಇಳಿಯುತ್ತೆ. ಪಟ್ಟಿಗೆ ನಾನು ಇಳಕಲ್ ಸೀರೆಯ ಗೋಮಿ ವಿನ್ಯಾಸದ ಅಂಚನ್ನೇ ಕತ್ತರಿಸಿಕೊಂಡೆ. ನೇಯ್ಗೆ ಬಿಗಿ ಇರುತ್ತೆ, ಒಂದು ಬದಿ ಎಳೆ ಬಿಡೋದೂ ಇಲ್ಲ. ನೀಲಿ ಮೇಲೆ ಕೆಂಪು ಗೆರೆಗಳು ಎಷ್ಟು ಚೆನ್ನಾಗಿ ಕಾಣುತ್ತವೆ ಅಂದರೆ, ನಕ್ಕಿದ್ದ ಆ ಟೈಲರ್ ಮೊಬೈಲಲ್ಲಿ ಫೋಟೋ ಹಿಡಿದುಕೊಂಡು ಹೋದರು. ಸೆರಗಿನ ಭಾಗ ಮಾತ್ರ ಎಲ್ಲೂ ಬಳಸಬೇಡಿ. ರೇಷ್ಮೆ ಹಳೆಯದಾದರೆ ಮಡಿಕೆಯಲ್ಲೇ ಸೀಳುತ್ತೆ.

ಬಣ್ಣದ ಕಾಟ ಬೇರೆ. ಕಟಿಂಗ್ ತುಂಡು ಅಂದರೆ ಇನ್ನೂ ವಾಶಿಂಗಿಗೆ ಹೋಗದ ಬಟ್ಟೆ. ವಾಶ್ ಆಗೋದು ಪ್ಯಾಂಟ್ ಹೊಲಿದ ಮೇಲೆ. ಹಾಗಾಗಿ ಗಂಜಿ ಹಾಗೇ ಇರುತ್ತೆ, ತೊಳೆದರೆ ಕುಗ್ಗುತ್ತೆ, ನೀಲಿಯಂತೂ ಮುಟ್ಟಿದ ಕೈಗೆಲ್ಲ. ಎರಡನೇ ಕೌದಿಯ ಒಳಗಿನ ಬಿಳಿ ಪಂಚೆ ನೀಲಿಯಾಯಿತು, ಅಡಿಯ ಹಳದಿ ಸೀರೆ ಹಸಿರಿಗೆ ತಿರುಗಿತು. ಉಪ್ಪು ಹಾಕಿ ನೆನೆಸಿದೆ, ಪಟಿಕ ಹಾಕಿದೆ, ವಿನೆಗರ್ ಕೂಡ ಹಾಕಿ ನೋಡಿದೆ. ಮೂರೂ ದಂಡ. ಜೀನ್ಸಿನ ನೀಲಿ ದಾರದ ಒಳಗೆ ಇಳಿದಿರೋದೇ ಇಲ್ಲ, ಮೇಲ್ಮೈಯಲ್ಲಿ ಕೂತಿರುತ್ತೆ. ನೀಲಿ ದಾರ ಒಂದನ್ನು ಕತ್ತರಿಸಿ ನೋಡಿ, ನಡುವೆ ಬೆಳ್ಳಗಿರುತ್ತೆ. ಉಪ್ಪು ಅದನ್ನು ಏನು ಹಿಡಿದೀತು? ಇರೋ ದಾರಿ ಒಂದೇ, ಉದುರೋದೆಲ್ಲ ಮೊದಲೇ ಉದುರಲಿ. ಬಿಸಿನೀರಲ್ಲಿ ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ತಿಕ್ಕಿ, ನೀರು ತಿಳಿಯಾಗುವ ತನಕ ಮೂರ್ನಾಲ್ಕು ಸಲ ತೊಳೆಯೋದು. ಕೊನೆಯ ನೀರಿಗೆ ನಾನು ಅಡುಗೆಮನೆಯ ವಸ್ತು ಒಂದನ್ನು ಹಾಕುತ್ತೇನೆ, ಬಟ್ಟೆ ಮೆತ್ತಗಾಗುತ್ತೆ. ಅದೇನು ಅಂತ ಮಾತ್ರ ಹೇಳೋದಿಲ್ಲ. ಕೆಂಪು ಅಂಚನ್ನೂ ಇದೇ ಥರ ಬೇರೆಯಾಗಿ ತೊಳೆದಿಡಿ, ಅದೂ ಕಮ್ಮಿ ಇಲ್ಲ.

ಹೊಲಿಗೆಯ ದಿಕ್ಕಿನಲ್ಲೂ ಹಳೆ ಪದ್ಧತಿ ನಡೆಯಲಿಲ್ಲ. ದೊಡ್ಡಮ್ಮ ಹೊರ ಅಂಚಿಂದ ಶುರುಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ಸೀರೆ ಮೆತ್ತಗಿರೋದರಿಂದ ಸರಿಹೋಗುತ್ತೆ. ಜೀನ್ಸ್ ಬಗ್ಗೋದಿಲ್ಲ, ಹೆಚ್ಚಾದದ್ದೆಲ್ಲ ನಡುವೆ ಬಂದು ಉಬ್ಬುತ್ತೆ, ಅಡಿಯ ಸೀರೆ ನೆರಿಗೆ ಬೀಳುತ್ತೆ. ನಾನು ಹೊರಸಿನ (ಮಂಚದ) ಚೌಕಟ್ಟಿಗೆ ಅಡಿಯ ಸೀರೆಯನ್ನು ಬಿಗಿಯಾಗಿ ಕಟ್ಟಿ, ಮೇಲೆ ಪಂಚೆ, ಅದರ ಮೇಲೆ ಜೀನ್ಸ್ ಹಾಸಿ, ನಡುವಿಂದ ಹೊರಕ್ಕೆ ಕಚ್ಚಾ ಹೊಲಿಗೆ ಹಾಕುತ್ತೇನೆ. ಆಮೇಲೆ ಉದ್ದಕ್ಕೆ ನೇರ ಸಾಲು. ಎರಡು ಬೆರಳಿಗೊಂದು ಸಾಲು ಸಾಕು, ಸೀರೆ ಕೌದಿಯಷ್ಟು ಒತ್ತೊತ್ತಾಗಿ ಬೇಡ. ದಾರ 10ನೇ ನಂಬರ್ ಕಾಟನ್, ಜೇನುಮೇಣಕ್ಕೆ ಒಮ್ಮೆ ಎಳೆದದ್ದು. ಮೂಲೆಗೆ ತ್ರಿಕೋನದ ತುಂಡು ಇಡುವುದನ್ನು ಮಾತ್ರ ಬಿಟ್ಟಿಲ್ಲ. ಅದಿಲ್ಲದಿದ್ದರೆ ಅಮ್ಮ ಅದನ್ನು ಕೌದಿ ಅಂತ ಒಪ್ಪೋದೇ ಇಲ್ಲ.

ನಾಲ್ಕೂವರೆ ಅಡಿಗೆ ಆರೂವರೆ ಅಡಿಯದು ಈಗ ಎರಡೂಕಾಲು ಕಿಲೋ ಬರುತ್ತೆ. ಬೇಸಿಗೆಯಲ್ಲಿ ಮಾಳಿಗೆ ಮೇಲೆ ಹಾಸೋಕೆ ಇದಕ್ಕಿಂತ ಒಳ್ಳೆಯದು ನಾನು ಕಂಡಿಲ್ಲ. ಕಾದ ಸ್ಲ್ಯಾಬಿನ ಬಿಸಿ ಬೇಗ ಬೆನ್ನಿಗೆ ಹತ್ತೋದಿಲ್ಲ.

ನಡುವೆ ಸುಮ್ನೆ ಇರಲಾರದೆ ಬೇರೆ ಆಟಗಳನ್ನೂ ಆಡಿದ್ದೇನೆ. ರಾಯಚೂರಿಂದ ನೆಂಟರು ತಂದ ಹತ್ತಿಯನ್ನು ಪಂಚೆಯ ಬದಲು ತುಂಬಿದೆ. ಎರಡು ಬೆರಳಿನ ಸಾಲಿಗೆ ಹತ್ತಿ ನಿಲ್ಲಲಿಲ್ಲ, ಒಂದೇ ತೊಳೆತಕ್ಕೆ ಗಂಟುಗಂಟು. ಸಂಡೂರಿನ ಲಂಬಾಣಿ ಕಸೂತಿ ನೋಡಿ ಆಸೆಯಾಗಿ ಅಂಚಿಗೆ ಅವರ ವೇಲೆ ಹೊಲಿಗೆ ಹಾಕಲು ಹೋದೆ. ಜಿಐ ಟ್ಯಾಗ್ ಇರೋ ಕಲೆ ಅದು, ನನ್ನ ಕೈಯಲ್ಲಿ ಹಾವು ಹರಿದ ಗೆರೆ ಆಯಿತು, ಬಿಚ್ಚಿದೆ. ಗೆದ್ದದ್ದು ಜೇಬು. ಮಗನ ಹಳೆ ಪ್ಯಾಂಟಿನ ಹಿಂದಿನ ಜೇಬನ್ನು ತಲೆ ಕಡೆಯ ತುಂಡಿಗೆ ಹೊಲಿದು ಮಾವನಿಗೆ ಕೊಟ್ಟೆ. ಕನ್ನಡಕ, ಗುಳಿಗೆ, ರಿಮೋಟು ಎಲ್ಲ ಅದರಲ್ಲೇ ಇರುತ್ತವೆ. ಈಗ ನಮ್ಮ ಕಡೆ ಯಾರು ಕೇಳಿದರೂ "ಜೇಬು ಇರೋದು" ಅಂತಲೇ ಕೇಳುತ್ತಾರೆ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ತುಂಡು ನೂರು ರೂಪಾಯಿ ಒಳಗೆ, ದಾರ-ಸೂಜಿ ನೂರೈವತ್ತು, ಬಿಸಿನೀರು-ಸೋಪು ಐವತ್ತು ಅನ್ನಿ. ಸೀರೆ ಮನೆಯದು. ಮುನ್ನೂರಕ್ಕೆ ಕೌದಿ ಮುಗಿಯುತ್ತೆ. ಕೈಹೊಲಿಗೆ ಮಾತ್ರ ಮೂರ್ನಾಲ್ಕು ವಾರ ತಿನ್ನುತ್ತೆ, ಅದೂ ಸಂಜೆ ಕೆಲಸ ಮುಗಿದ ಮೇಲೆ ಕೂತರೆ. ಒಬ್ಬರು ಒಂದಕ್ಕೆ ಎಂಟುನೂರು ಕೊಡ್ತೀನಿ, ಹತ್ತು ಮಾಡಿಕೊಡಿ ಅಂದರು. ಕೂಲಿ ಹಿಡಿದರೆ ಅದು ಯಾತಕ್ಕೂ ಸಾಲದು. ಮಾರೋದಿಲ್ಲ ಅಂದೆ. ಮನೆಯವರಿಗೆ, ಗೆಳತಿಯರಿಗೆ ಮಾತ್ರ, ಅದೂ ಅಡಿಗೆ ಹಾಕೋ ಕಾಟನ್ ಸೀರೆ ಅವರೇ ತಂದುಕೊಟ್ಟರೆ. ದೊಡ್ಡಮ್ಮನ ಸೀರೆ ಇನ್ನೂ ಬಂದಿಲ್ಲ.