ಒಂದೇ ಬೇಡಿಕೆ, ನಾಲ್ಕು ಭಾಷಣ

ಭದ್ರಾ ಬಲದಂಡೆ ನಾಲೆಯ ನೀರು ಕೊನೆ ಭಾಗಕ್ಕೆ ತಲುಪುತ್ತಿಲ್ಲ ಎಂಬ ಕೂಗು ದಾವಣಗೆರೆ, ಹರಿಹರ ತಾಲ್ಲೂಕುಗಳ ಭತ್ತದ ರೈತರಿಗೆ ಹೊಸದಲ್ಲ. ಬೇಸಿಗೆ ಬೆಳೆಯ ಹೊತ್ತಿಗೆ ಅದು ಊರ ಕಟ್ಟೆಯ ಮೇಲೆ, ಎಂಜಿನಿಯರ್ ಕಚೇರಿಯಲ್ಲಿ, ಧರಣಿಯ ಶಾಮಿಯಾನದಡಿ, ಕೆಲವೊಮ್ಮೆ ಮೇಲ್ಭಾಗದ ಅಡಿಕೆ ಬೆಳೆಗಾರರ ಅಂಗಳದಲ್ಲೂ ಕೇಳಿಬರುತ್ತದೆ. ಬೇಡಿಕೆ ಒಂದೇ. ಆದರೆ ನಾಲ್ಕೂ ಕಡೆ ಒಂದೇ ಭಾಷಣ ಮಾಡುವವರು ಮೂರು ಕಡೆಯಿಂದ ಬರಿಗೈಯಲ್ಲಿ ವಾಪಸಾಗುತ್ತಾರೆ. ಕಟ್ಟೆಯ ಮೇಲೆ ಮಾತ್ರ ಚಪ್ಪಾಳೆ ಬೀಳುತ್ತದೆ. ಅಲ್ಲಿ ಕುಳಿತವರನ್ನು ಒಪ್ಪಿಸುವ ಅಗತ್ಯವೇ ಇರಲಿಲ್ಲ.

ಹಾಗಾದರೆ ಮಾತನ್ನು ಸಿದ್ಧಪಡಿಸುವುದು ಹೇಗೆ? ನೀರಿನ ಉದಾಹರಣೆಯನ್ನೇ ಹಿಡಿದು ನೋಡೋಣ. ಶಾಲೆಗೆ ಕೊಠಡಿ ಕೇಳುವವರಿಗೂ ಊರಿಗೆ ಬಸ್ ಕೇಳುವವರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು, ಕೊಡಬಲ್ಲವರನ್ನು ಹುಡುಕಿ

ಅಮೆರಿಕದ ವಿದ್ವಾಂಸ ಲಾಯ್ಡ್ ಬಿಟ್ಜರ್ 1968ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ಮನವೊಲಿಸುವ ಮಾತು ಹುಟ್ಟುವ ಸಂದರ್ಭವನ್ನು ಮೂರು ಭಾಗ ಮಾಡಿ ತೋರಿಸಿದರು: ಪರಿಹಾರ ಬೇಡುವ ಒಂದು ತುರ್ತು, ಕೇಳುಗರು, ಮಾತನಾಡುವವನ ಕೈಕಟ್ಟುವ ಮಿತಿಗಳು. ಅವರ ಲೆಕ್ಕದಲ್ಲಿ ಎದುರಿಗೆ ಕುಳಿತವರೆಲ್ಲ ಕೇಳುಗರಲ್ಲ. ಮಾತು ಕೇಳಿ ಮನಸ್ಸು ಬದಲಿಸಬಲ್ಲವರು, ಬದಲಿಸಿದ ಮೇಲೆ ಏನಾದರೂ ಮಾಡಬಲ್ಲವರು ಮಾತ್ರ ಕೇಳುಗರು. ಮಾತಿನಿಂದ ಸರಿಹೋಗದ ತೊಂದರೆಗೂ ಅಲ್ಲಿ ಜಾಗವಿಲ್ಲ. ಮಳೆ ಕೈಕೊಟ್ಟದ್ದಕ್ಕೆ ಭಾಷಣ ಮದ್ದಲ್ಲ. ಇರುವ ನೀರನ್ನು ಯಾರಿಗೆ, ಯಾವಾಗ, ಎಷ್ಟು ದಿನ ಬಿಡಬೇಕು ಎಂಬುದಕ್ಕೆ ಖಂಡಿತ ಮದ್ದು.

ಆದ್ದರಿಂದ ಒಂದು ಹಾಳೆ ತೆಗೆದುಕೊಂಡು ಯಾರ ಕೈಯಲ್ಲಿ ಏನಿದೆ ಎಂದು ಬರೆಯಿರಿ. ತೂಬು ಎತ್ತುವ ಇಳಿಸುವ ಕೆಲಸ ಸೌಡಿಯದು. ಉಪನಾಲೆಯ ಗೇಜ್, ಅಂದರೆ ನೀರಿನ ಮಟ್ಟ, ಕಾಯುವುದು ಎಂಜಿನಿಯರ್ ಹೊಣೆ. ಅಣೆಕಟ್ಟೆಯಿಂದ ಎಷ್ಟು ದಿನ ನೀರು ಬಿಡಬೇಕೆಂಬುದು ನೀರಾವರಿ ಸಲಹಾ ಸಮಿತಿಯ ಸಭೆಯಲ್ಲಿ ಇತ್ಯರ್ಥವಾಗುವ ವಿಷಯ. ದಿನ ಹೆಚ್ಚಿಸಿ ಎಂದು ಸೌಡಿಯ ಮೇಲೆ ರೇಗಿದರೆ ಗಂಟಲು ನಿಮ್ಮದೇ ಒಣಗುತ್ತದೆ.

ಬಿಟ್ಜರ್ ವಾದಕ್ಕೆ 1973ರಲ್ಲಿ ಇನ್ನೊಬ್ಬ ವಿದ್ವಾಂಸ ರಿಚರ್ಡ್ ವಾಟ್ಜ್ ತಕರಾರು ತೆಗೆದರು: ಸಂದರ್ಭ ಮಾತನ್ನು ಹುಟ್ಟಿಸುವುದಿಲ್ಲ, ಮಾತನಾಡುವವನೇ ಸಂದರ್ಭವನ್ನು ಹುಟ್ಟಿಸುತ್ತಾನೆ ಎಂದು. ನನಗೆ ಇದರಲ್ಲೂ ಹುರುಳಿದೆ ಅನ್ನಿಸುತ್ತದೆ. ಒಣಗಿದ ಉಪನಾಲೆಯನ್ನು ಯಾರೋ ಒಬ್ಬರು ಎತ್ತಿ ಹೇಳುವವರೆಗೆ ಅದು ಯಾವ ಕಡತದಲ್ಲೂ ಸಮಸ್ಯೆಯಾಗಿರುವುದಿಲ್ಲ.

ನಂತರ, ನಿನ್ನೆಯ ಮಾತೋ ನಾಳೆಯ ಮಾತೋ ನಿರ್ಧರಿಸಿ

ಅರಿಸ್ಟಾಟಲ್ ಭಾಷಣಗಳನ್ನು ಕಾಲದ ಪ್ರಕಾರ ವಿಂಗಡಿಸಿದ್ದ. ನ್ಯಾಯಾಲಯದ ಮಾತು ಆಗಿಹೋದದ್ದರ ಬಗ್ಗೆ, ಸಭೆಯ ಮಾತು ಮುಂದೆ ಮಾಡಬೇಕಾದದ್ದರ ಬಗ್ಗೆ, ಸಮಾರಂಭದ ಹೊಗಳಿಕೆ ತೆಗಳಿಕೆ ಹೆಚ್ಚಾಗಿ ಈಗಿನದರ ಬಗ್ಗೆ. ನಮ್ಮ ಮನವಿಗಳು ಎಡವುವುದು ಇಲ್ಲೇ. ನಾಳೆಯ ನೀರು ಕೇಳಲು ಹೋದವರು ಹೋದ ವರ್ಷದ ತಪ್ಪಿನ ವಿಚಾರಣೆಗೆ ಕುಳಿತುಬಿಡುತ್ತಾರೆ. ಆರೋಪಿಯ ಜಾಗದಲ್ಲಿ ನಿಂತ ಅಧಿಕಾರಿ ತನ್ನನ್ನು ಸಮರ್ಥಿಸಿಕೊಳ್ಳುತ್ತಾನೆಯೇ ಹೊರತು ನಾಲೆಯ ನೆನಪು ಅವನಿಗೆ ಬರುವುದಿಲ್ಲ.

ಈಗ ಕೇಳುಗರು

ಕಟ್ಟೆಯ ಮೇಲಿನವರಿಗೆ ಕಷ್ಟವನ್ನು ವರ್ಣಿಸಬೇಡಿ, ಅವರು ಅದರಲ್ಲೇ ಇದ್ದಾರೆ. ಯಾವ ದಿನ, ಎಷ್ಟು ಗಂಟೆಗೆ, ಯಾರ ಟ್ರ್ಯಾಕ್ಟರ್, ಯಾರು ಮಾತನಾಡುವುದು ಎಂಬುದನ್ನು ಇತ್ಯರ್ಥ ಮಾಡಿ ಇಳಿಯಿರಿ.

ಎಂಜಿನಿಯರ್‌ಗೆ ನಿಮ್ಮ ಕೋಪದಿಂದ ಪ್ರಯೋಜನವಿಲ್ಲ. ಅವರಿಗೆ ಬೇಕಾಗಿರುವುದು ಮೇಲಧಿಕಾರಿಗೆ ಬರೆಯಬಹುದಾದ ಒಂದು ಸಾಲು. ಉಪನಾಲೆಯ ಬಾಯಲ್ಲಿ ಗೇಜ್ ಎಷ್ಟಿತ್ತು, ಅದೇ ದಿನ ಕೊನೆಯ ತೂಬಿನಲ್ಲಿ ಎಷ್ಟಿತ್ತು ಎಂದು ದಿನಾಂಕ, ಸಮಯ, ಚಿತ್ರದೊಡನೆ ಇಟ್ಟರೆ ಆ ಸಾಲನ್ನು ನೀವೇ ಬರೆದುಕೊಟ್ಟ ಹಾಗೆ. ಕ್ಯುಸೆಕ್ ಲೆಕ್ಕ ಮಾತನಾಡುವವರೊಡನೆ ಕ್ಯುಸೆಕ್‌ನಲ್ಲೇ ಮಾತನಾಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಸುಮಾರು 28 ಲೀಟರ್.

ಎಲ್ಲಕ್ಕಿಂತ ಕಠಿಣ, ಮೇಲ್ಭಾಗದ ತೋಟದವರು. ನಾಲೆಗೆ ಪಂಪ್‌ಸೆಟ್ ಇಟ್ಟವರನ್ನು ಕಳ್ಳರು ಎಂದು ಕರೆದಿರೋ, ಮಾತು ಅಲ್ಲಿಗೆ ಮುಗಿಯಿತು. ಅವರ ಭಯವೇನೆಂದು ಯೋಚಿಸಿ. ಭತ್ತ ಹಾಳಾದರೆ ಒಂದು ಬೆಳೆ ಹೋಗುತ್ತದೆ. ಅಡಿಕೆ ಗಿಡ ಒಣಗಿದರೆ ಮತ್ತೆ ನೆಟ್ಟು ಫಸಲು ಕಾಣಲು ಐದಾರು ವರ್ಷ ಕಾಯಬೇಕು. ಈ ಮಾತನ್ನು ಅವರಿಗಿಂತ ಮೊದಲು ನೀವೇ ಹೇಳಿ. ಅವರು ವಾದಕ್ಕೆಂದು ಕೂಡಿಟ್ಟುಕೊಂಡಿದ್ದ ಮಾತು ನಿಮ್ಮ ಬಾಯಿಂದಲೇ ಬಂದಾಗ ಬಿಗಿ ಸಡಿಲುತ್ತದೆ. ಆಮೇಲೆ ನಿಮ್ಮ ಬೆಳೆಯ ವಿಚಾರ: ತೋಟಕ್ಕೆ ಕೆಲವು ದಿನ ಬಿಟ್ಟು ನೀರುಣಿಸಿದರೂ ನಡೆಯುತ್ತದೆ, ತೆನೆ ಹೊರಡುವ ಹೊತ್ತಿನ ಭತ್ತ ಕಾಯುವುದಿಲ್ಲ. ಇಡೀ ಹಂಗಾಮಿನ ನ್ಯಾಯ ಕೇಳಬೇಡಿ, ಆ ದಿನಗಳನ್ನು ಮಾತ್ರ ಕೇಳಿ. ಬೇಡಿಕೆ ಚಿಕ್ಕದಾದಷ್ಟೂ ಒಪ್ಪಿಕೊಳ್ಳುವವರ ಮುಖ ಉಳಿಯುತ್ತದೆ.

ನಮ್ಮ ಸೀಮೆಯಲ್ಲಿ ಬಯಲಾಟ ನೋಡಿ ಬೆಳೆದವರಿಗೆ ಕರ್ಣನ ಕಥೆ ಗೊತ್ತು. ಕೃಷ್ಣ ಅವನನ್ನು ಸಭೆಯಲ್ಲಲ್ಲ, ಏಕಾಂತದಲ್ಲಿ ಮಾತನಾಡಿಸಿದ. ಜಾಗದ ಆಯ್ಕೆ ಸರಿಯಾಗಿತ್ತು, ಹೇಳಿದ ಜನ್ಮರಹಸ್ಯ ಸತ್ಯವಾಗಿತ್ತು. ಆದರೂ ಕರ್ಣ ಒಪ್ಪಲಿಲ್ಲ. ಸ್ನೇಹಿತನ ಋಣವೇ ದೊಡ್ಡದೆಂದು ಬದುಕಿದವನ ಮುಂದೆ ಸಿಂಹಾಸನದ ಆಸೆ ಇಟ್ಟರೆ ಇನ್ನೇನಾದೀತು? ಕುಂತಿ ಹೋದಾಗಲೂ ಅವನು ಪಕ್ಷ ಬಿಡಲಿಲ್ಲ, ಆದರೆ ಅರ್ಜುನನನ್ನುಳಿದು ನಾಲ್ವರನ್ನು ಕೊಲ್ಲುವುದಿಲ್ಲ ಎಂಬ ಮಾತು ಕೊಟ್ಟ. ದುರ್ಯೋಧನನಿಗೆ ದ್ರೋಹವಾಗದಂತೆ ಅವನು ಕೊಡಬಹುದಾಗಿದ್ದದ್ದು ಅಷ್ಟೇ. ನಿಮ್ಮ ಕೇಳುಗರು ತಮ್ಮವರಿಗೆ ದ್ರೋಹವಾಗದಂತೆ ಏನು ಕೊಡಬಲ್ಲರು? ಭಾಷಣ ಬರೆಯುವ ಮುನ್ನ ಈ ಪ್ರಶ್ನೆಗೆ ಉತ್ತರ ಸಿಗಬೇಕು.

ಯಾರು ಮಾತನಾಡಬೇಕು

ಚೆನ್ನಾಗಿ ಮಾತನಾಡುವವರಲ್ಲ, ಆ ಕೇಳುಗರು ನಂಬುವವರು. ಎಂಜಿನಿಯರ್ ಬಳಿಗೆ ಗೇಜ್ ಬರೆದಿಟ್ಟ ಹುಡುಗನೇ ಹೋಗಲಿ. ಚನ್ನಗಿರಿ ಕಡೆಯ ತೋಟದವರ ಬಳಿಗೆ ಅಲ್ಲಿಗೆ ಹೆಣ್ಣು ಕೊಟ್ಟ ಬೀಗರಿದ್ದರೆ ಅವರು ಮುಂದೆ ನಿಲ್ಲಲಿ. ಸಂಘದ ಅಧ್ಯಕ್ಷರು ಒಂದು ಹೆಜ್ಜೆ ಹಿಂದೆ ನಿಂತರೆ ಅವರ ಗೌರವಕ್ಕೇನೂ ಕುಂದಿಲ್ಲ. ಈ ಸಲಹೆಗೆ ಸಂಘಗಳಲ್ಲಿ ಮುಖ ಗಂಟಿಕ್ಕುವವರೇ ಹೆಚ್ಚು ಎಂಬುದೂ ನಿಜ.

ಹೊತ್ತು ಮತ್ತು ಜಾಗ

ಧರಣಿ ಕುಳಿತವರ ಮನವಿ ಸ್ವೀಕರಿಸಲು ಹೊರಗೆ ಬಂದ ಅಧಿಕಾರಿ ಬಿಸಿಲಲ್ಲಿ ನಿಂತಿರುತ್ತಾರೆ. ಸಿಗುವುದು ಎರಡು ಮೂರು ನಿಮಿಷ. ಮೊದಲ ವಾಕ್ಯದಲ್ಲೇ ಬೇಡಿಕೆ ಬರಲಿ, ಕಾರಣ ಆಮೇಲೆ. ಚುಟುಕು ಭಾಷಣಕ್ಕೆ ಎಲ್ಲರೂ ಕೊಡುವ ಉದಾಹರಣೆ ಲಿಂಕನ್‌ರದು: 1863ರ ನವೆಂಬರ್ 19ರಂದು ಗೆಟ್ಟಿಸ್‌ಬರ್ಗ್‌ನಲ್ಲಿ ಹೆಸರಾಂತ ಭಾಷಣಕಾರ ಎಡ್ವರ್ಡ್ ಎವರೆಟ್ ಸುಮಾರು ಎರಡು ಗಂಟೆ ಮಾತನಾಡಿದ ಮೇಲೆ ಲಿಂಕನ್ ಕೆಲವೇ ನಿಮಿಷಗಳಲ್ಲಿ ಮುಗಿಸಿದರು. ಆದರೆ ಅದು ಸೈನಿಕರ ಸ್ಮಶಾನದ ಸಮರ್ಪಣೆ, ಆ ಗಾಂಭೀರ್ಯಕ್ಕೆ ಅಷ್ಟು ಸಾಕಿತ್ತು. ಅಂಗಳದಲ್ಲಿ ಚಾಪೆ ಹಾಸಿ ಕೂರಿಸಿ ಊಟಕ್ಕೆ ಏಳಿ ಎನ್ನುವ ಮನೆಯಲ್ಲಿ ಮೂರು ನಿಮಿಷಕ್ಕೆ ಎದ್ದು ಹೊರಟರೆ ಕೆಲಸಕ್ಕಾಗಿಯೇ ಬಂದವರು ಎಂದಾಗುತ್ತದೆ. ಅಲ್ಲಿ ಮಳೆ, ಮದುವೆ, ಅಡಿಕೆ ಧಾರಣೆ ಎಲ್ಲ ಮುಗಿದ ಮೇಲೆ ನೀರು.

ಮೊಬೈಲ್ ಎಂಬ ಐದನೆಯ ಸಭೆ

ಕಟ್ಟೆಯ ಮೇಲೆ ನೀವು ಆವೇಶದಲ್ಲಿ ಅಂದದ್ದು ಸಂಜೆಯೊಳಗೆ ವಾಟ್ಸ್ಆ್ಯಪ್ ಮೂಲಕ ತೋಟದವರ ಮನೆ ತಲುಪಿರುತ್ತದೆ. ಆದ್ದರಿಂದ ಸಭೆಗೆ ತಕ್ಕಂತೆ ಬದಲಾಗಬೇಕಾದದ್ದು ಯಾವುದನ್ನು ಮೊದಲು ಹೇಳುತ್ತೀರಿ, ಯಾವುದನ್ನು ಬಿಡುತ್ತೀರಿ ಎಂಬುದು, ಎಕರೆ ಲೆಕ್ಕವಲ್ಲ. ಊರಲ್ಲಿ ಒಂದು ಅಂಕಿ, ಕಚೇರಿಯಲ್ಲಿ ಇನ್ನೊಂದು ಅಂಕಿ ಹೇಳಿದವರ ಮಾತನ್ನು ಮೂರನೆಯ ಕಡೆ ಯಾರೂ ಕೇಳುವುದಿಲ್ಲ. ಭಾಷಣ ಸಿದ್ಧವಾದ ಮೇಲೆ ಒಮ್ಮೆ ಎದುರು ಪಕ್ಷದವರ ಕಿವಿಯಿಂದ ಕೇಳಿಸಿಕೊಳ್ಳಿ. ಮರುದಿನ ಅವರ ಮುಖ ನೋಡಲಾಗದಂಥ ವಾಕ್ಯವಿದ್ದರೆ ಹೊಡೆದುಹಾಕಿ.

ಕೊನೆಯದು ಭಾಷಣ ಮುಗಿದ ಮೇಲಿನ ಕೆಲಸ. ‘ನೋಡೋಣ’ ಎಂಬ ಉತ್ತರ ಬಂದರೆ ಯಾವಾಗ ನೋಡುತ್ತೀರಿ ಎಂದು ವಿನಯದಿಂದಲೇ ದಿನಾಂಕ ಕೇಳಿ. ಹೇಳಿದ್ದನ್ನೆಲ್ಲ ಒಂದೇ ಪುಟಕ್ಕೆ ಇಳಿಸಿದ ಮನವಿ ಕೈಯಲ್ಲಿರಲಿ. ಎರಡು ಪ್ರತಿ ಒಯ್ದು ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಕಚೇರಿಯ ಮೊಹರು ಹಾಕಿಸಿಕೊಂಡು ಬನ್ನಿ. ವಾರ ಕಳೆದರೂ ಸುಳಿವಿಲ್ಲದಿದ್ದರೆ ಅದೇ ಪ್ರತಿ ಹಿಡಿದು ಹೋಗಿ ಹಿಂಬರಹ ಕೇಳಿ.