ಎಸಿ ಪೈಪಿನ ಓ-ರಿಂಗ್‌ಗೆ ಯಾವ ಎಣ್ಣೆ?

ಮೆಷಿನ್ನಿನಲ್ಲಿ ಗ್ಯಾಸ್ ತೆಗೆಸಿ ಕಾರಿನ ಎಸಿ ಪೈಪ್ ಬಿಚ್ಚಿದ್ದೀರಾ? ಜಾಯಿಂಟಿನಲ್ಲಿ ಗ್ಯಾಸ್ ಸೋರದಂತೆ ತಡೆಯುವ ರಬ್ಬರ್ ಬಳೆ, ಅಂದರೆ ಹಳೇ ಓ-ರಿಂಗ್ ಮತ್ತೆ ಹಾಕಬೇಡಿ. ಹೊಸದನ್ನೂ ಒಣಗಿದ್ದಂತೆಯೇ ಕೂರಿಸಿ ಬಿಗಿದರೆ ತಿರುಚಿಕೊಂಡು ಸೀಳುತ್ತದೆ, ಗ್ಯಾಸ್ ಮೆಲ್ಲಗೆ ಸೋರುತ್ತದೆ.

ಆರ್-134ಎ ಎಂಬ ಎಸಿ ಗ್ಯಾಸ್ ಬಳಸುವ ಗಾಡಿಗಳ ಕಂಪ್ರೆಸರ್‌ಗೆ ಸಾಮಾನ್ಯವಾಗಿ ಪಿಎಜಿ ಎಂಬ ಸಿಂಥೆಟಿಕ್ ಎಣ್ಣೆ. ಅದನ್ನೇ ರಿಂಗಿಗೂ ಸವರುವವರು ಜಾಸ್ತಿ. ಆದರೆ ಪಿಎಜಿ ಗಾಳಿಯ ತೇವ ಹೀರುತ್ತದೆ ಅಲ್ವಾ? ಜಾಯಿಂಟಿನ ಹೊರಗೆ, ಥ್ರೆಡ್ಡಿನಲ್ಲಿ ಉಳಿದರೆ ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಕಟ್ಟಿ ನಟ್ ಕಚ್ಚಿಕೊಳ್ಳಬಹುದು. ನಾನು ಎಸಿಗೆಂದೇ ಸಿಗುವ ಮಿನರಲ್ ಎಣ್ಣೆ ಹಚ್ಚುತ್ತೇನೆ. ಬೆರಳ ತುದಿಯಲ್ಲಿ ಒಂದು ಹನಿ, ರಿಂಗ್ ಮಿನುಗಿದರೆ ಸಾಕು. ಚಕ್ರದ ಗ್ರೀಸ್ ಅಂತೂ ಬೇಡವೇ ಬೇಡ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಾದರೆ ಬಾನೆಟ್ ಒಳಗಿನ ಸ್ಟಿಕ್ಕರ್ ನೋಡದೆ ಏನೂ ಹಚ್ಚಬೇಡಿ. ಹೆಚ್ಚಿನವುಗಳಲ್ಲಿ ಪಿಒಇ ಎಂಬ ಬೇರೆ ಬಗೆಯ ಸಿಂಥೆಟಿಕ್ ಎಣ್ಣೆ ಇರುತ್ತದೆ. ತಪ್ಪು ಎಣ್ಣೆ ಬೆರೆತರೆ ಕಂಪ್ರೆಸರ್ ಒಳಗಿನ ವಿದ್ಯುತ್ ಇನ್ಸುಲೇಷನ್‌ಗೇ ಕುತ್ತು.